ಷಡ್ದರ್ಶನಗಳ ಎಣಿಕೆ

ಷಡ್ದರ್ಶನಗಳು ಯಾವುವೆಂದು ಕೇಳಿದರೆ ಇಂದಿನ ವಿದ್ಯಾರ್ಥಿಯು ತಡವರಿಸದೆ ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಪೂರ್ವಮೀಮಾಂಸೆ, ವೇದಾಂತ ಎಂದು ಹೇಳಿಬಿಡುವನು. ಇವು ವೇದವನ್ನು ಒಪ್ಪುವುದರಿಂದ ಆಸ್ತಿಕದರ್ಶನಗಳು. ಚಾರ್ವಾಕ, ಬೌದ್ಧ, ಜೈನಗಳು ಒಪ್ಪದಿರುವುದರಿಂದ ನಾಸ್ತಿಕದರ್ಶನಗಳು ಎಂದೂ ಸೇರಿಸುವನು. ಶೈವದರ್ಶನಗಳು ಎಲ್ಲಿ ಹೋದುವೆಂದು ಕೇಳಿದರೆ ಮಾತ್ರ ಅವನಿಗೆ ಉತ್ತರವು ತೋರದು. ಅವು ಆ ಕಡೆಯ ಪಂಕ್ತಿಯಲ್ಲಿಯೂ ಇಲ್ಲ, ಈ ಕಡೆಯ ಪಂಕ್ತಿಯಲ್ಲಿಯೂ ಇಲ್ಲ. ಎಣಿಕೆಯೊಳಗೆ ಬಾರದುದು ಬರಿಯ ಪೂಜಾಪದ್ಧತಿಯೇ ಹೊರತು ತತ್ತ್ವವಿಚಾರವಲ್ಲವೆಂಬ ಭಾವನೆಯು ಹೀಗೆಯೇ ಬೇರೂರುತ್ತದೆ. ಆದುದರಿಂದ ಈ ಆರರ ಎಣಿಕೆಯು ಎಷ್ಟು ಹಳೆಯದು, ಎಲ್ಲ ಕಾಲಕ್ಕೂ ಇದು ಹೀಗೆಯೇ ಇದ್ದಿತೆ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ವಿಚಾರಕ್ಕೆ ದೂರ ಹೋಗಬೇಕಾದುದಿಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯವು ಇಂದಿಗೂ ನಿಂತಿದೆ. ಅದಕ್ಕೆ ಸೇರಿದ ಕೋಡಿಯ ಮಠವು ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಕಾಳಾಮುಖ ಶೈವರ ಮಹಾ ವಿದ್ಯಾಕೇಂದ್ರವಾಗಿದ್ದಿತು. ಬಿಜ್ಜಳನ ಆಳಿಕೆಯಲ್ಲಿ, ವಾಮಶಕ್ತಿಪಂಡಿತರು ಮಠಾಧಿಪತಿಗಳಾಗಿದ್ದಾಗ, ಕ್ರಿ. ಶ. 1162ರಲ್ಲಿ ಹಾಕಿಸಿದ ಶಾಸನವೊಂದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಏಳನೆಯ ಸಂಪುಟದಲ್ಲಿ (1902) ಅಚ್ಚಾಗಿದೆ. ಆ ಶಾಸನವು ಮಠವನ್ನು ವರ್ಣಿಸುವ ರೀತಿಯು ಅಪೂರ್ವವಾದುದು. ಅಲ್ಲಿ ನಾಲ್ಕು ವೇದಗಳ ಪಠನವು ನಡೆಯುತ್ತಿದ್ದಿತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನವಿದ್ದಿತು. ಲಾಕುಲಸಿದ್ಧಾಂತವೂ ಪತಂಜಲಿಯ ಯೋಗಶಾಸ್ತ್ರವೂ ಬೋಧಿಸಲ್ಪಡುತ್ತಿದ್ದುವು. ಕಾವ್ಯ ನಾಟಕ ಪುರಾಣಗಳಿಗೂ ಸ್ಥಾನವಿದ್ದಿತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಪರಮಹಂಸರು ಇವರೆಲ್ಲರಿಗೂ ಅಲ್ಲಿ ಅನ್ನವು ದೊರೆಯುತ್ತಿದ್ದಿತು, ರೋಗಿಗಳಿಗೆ ಔಷಧೋಪಚಾರವಿದ್ದಿತು. ಏಕದಂಡಿಯು ಅದ್ವೈತಿ, ತ್ರಿದಂಡಿಯು ವೈಷ್ಣವ, ಕ್ಷಪಣಕನು ವೇದಬಾಹ್ಯನಾದ ಶ್ರಮಣ; ಇವರೆಲ್ಲರೂ ಶೈವಮಠದ ಒಂದೇ ಪಂಕ್ತಿಯಲ್ಲಿ ಉಣ್ಣದಿದ್ದರೂ ಒಂದೇ ಅಡಿಗೆಯ ಮನೆಯ ಅನ್ನವನ್ನು ಉಂಡರೆಂಬುದನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು.

ಪ್ರಕೃತಕ್ಕೆ ಮುಖ್ಯವಾದುದು ಮತ್ತೊಂದು ಮಾತು. ಅದೇ ಶಾಸನವು ಮಠವನ್ನು ಷಡ್ದರ್ಶನಗಳ ವ್ಯಾಖ್ಯಾನಸ್ಥಾನವೆಂದು ಕರೆದು, ಆ ದರ್ಶನಗಳ ಹೆಸರುಗಳನ್ನು ಹೇಳುವಾಗ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಎಂಬ ಐದನ್ನು ಹೆಸರಿಸಿ, ಉಳಿದುದನ್ನು 'ಆದಿ' ಶಬ್ದದಲ್ಲಿ ಅಡಗಿಸಿಬಿಟ್ಟಿದೆ. ಯೋಗವು ಇಲ್ಲಿ ಆರರೊಳಗೆ ಬಂದಿಲ್ಲ, ಲಾಕುಲಸಿದ್ಧಾಂತದ ಪಕ್ಕದಲ್ಲಿ ಪ್ರತ್ಯೇಕವಾಗಿ ಕುಳಿತಿದೆ. ವೇದಾಂತದ ಹೆಸರೇ ಇಲ್ಲ. ಬೌದ್ಧವಾದರೋ ಸ್ಪಷ್ಟವಾಗಿ ಆರರೊಳಗೆ ಸೇರಿದೆ.

ಇದು ಶಾಸನ ಬರೆದವನ ಅಜಾಗರೂಕತೆಯೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಕ್ರಿ. ಶ. ಎಂಟನೆಯ ಶತಮಾನದ ಜೈನಾಚಾರ್ಯನಾದ ಹರಿಭದ್ರನು 'ಷಡ್ದರ್ಶನಸಮುಚ್ಚಯ'ವೆಂಬ 87 ಶ್ಲೋಕಗಳ ಚಿಕ್ಕ ಗ್ರಂಥವನ್ನು ರಚಿಸಿರುವನು. ಅವನ ಆರು ದರ್ಶನಗಳು ಬೌದ್ಧ, ನೈಯಾಯಿಕ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ. ಅವುಗಳಲ್ಲಿ ಜೈನವನ್ನು ಬಿಟ್ಟರೆ ಬಳ್ಳಿಗಾವಿಯ ಐದೂ ಯಥಾವತ್ತಾಗಿ ಉಳಿಯುತ್ತವೆ. ಅದಕ್ಕೂ ಹಿಂದಿನದೆಂದು, ಆರನೆಯ ಶತಮಾನದ ಸುಮಾರಿನದೆಂದು, ಹಲವರು ಎಣಿಸುವ 'ಮಣಿಮೇಖಲೈ' ಎಂಬ ತಮಿಳು ಬೌದ್ಧಕಾವ್ಯದಲ್ಲಿಯೂ ಆರು ಸಮಯಗಳ ಪಟ್ಟಿಯೊಂದುಂಟು: ಲೋಕಾಯತ, ಬೌದ್ಧ, ಸಾಂಖ್ಯ, ನೈಯಾಯಿಕ, ವೈಶೇಷಿಕ, ಮೀಮಾಂಸಕ. ಇಲ್ಲಿಯೂ ಅವೇ ಐದು! ಆರನೆಯದು ಮಾತ್ರ ಬೇರೆ. ಜೈನನು ಘೂರ್ಜರ ರಾಜಸ್ಥಾನಗಳ ಕಡೆಯವನು, ಕವಿಯು ತಮಿಳುನಾಡಿನ ಬೌದ್ಧ, ಶಾಸನವು ಕನ್ನಡ ನಾಡಿನ ಶೈವರದು. ಮೂರು ಮತಗಳವರು, ಮೂರು ದೇಶಗಳಲ್ಲಿ, ಐದಾರು ಶತಮಾನಗಳ ಅಂತರದಲ್ಲಿ ಒಂದೇ ಐದನ್ನು ಹೇಳುತ್ತಿರುವಾಗ ಅದು ಅಂದಿನ ಸಾಮಾನ್ಯ ರೂಢಿಯೇ ಆಗಿದ್ದಿರಬೇಕೆಂದು ನಿರ್ಣಯಿಸಲು ಅಡ್ಡಿಯಿಲ್ಲ. ಐದು ಸ್ಥಿರ, ಆರನೆಯದು ಹೇಳುವವನ ಇಷ್ಟ. ಬಳ್ಳಿಗಾವಿಯ ಆರನೆಯದು ಜೈನವೇ ಇದ್ದಿರಬಹುದೆಂದು ನನಗೆ ತೋರುತ್ತದೆ. ಆ ಪಟ್ಟಣದಲ್ಲಿ ಬಸದಿಗಳಿದ್ದುವು. ಬೌದ್ಧವೂ ಅಲ್ಲಿ ಬರಿಯ ಓಲೆಯ ಮೇಲಿನ ಮತವಾಗಿರಲಿಲ್ಲ. ಕ್ರಿ. ಶ. 1065ರ ಶಾಸನವೊಂದರಿಂದ ರೂಪಭಟ್ಟಯ್ಯನೆಂಬ ಅಧಿಕಾರಿಯು ಬಳ್ಳಿಗಾವಿಯಲ್ಲಿ ಬೌದ್ಧವಿಹಾರವನ್ನು ಕಟ್ಟಿಸಿ ತಾರಾಭಗವತಿಯ ಪೂಜೆಗೆ ದತ್ತಿ ಬಿಟ್ಟುದು ತಿಳಿದುಬರುತ್ತದೆ.

ವೇದಾಂತವೇಕೆ ಇಲ್ಲ ಎಂಬ ಪ್ರಶ್ನೆಗೆ, ಮೀಮಾಂಸೆಯೆಂಬ ಒಂದೇ ಹೆಸರಿನಲ್ಲಿ ಪೂರ್ವೋತ್ತರಗಳೆರಡೂ ಅಡಗಿದ್ದಿರಬಹುದೆಂದು ಸಮಾಧಾನ ಹೇಳಬಹುದು. ಯೋಗದ ವಿಷಯವು ಇನ್ನೂ ಸುಲಭ. ಸಾಂಖ್ಯರಲ್ಲಿ ಕೆಲವರು ನಿರೀಶ್ವರರು, ಕೆಲವರು ಈಶ್ವರನನ್ನು ಒಪ್ಪುವವರು ಎಂದು ಹರಿಭದ್ರನೇ ಹೇಳಿರುವನು. ಯೋಗವನ್ನು ಸೇಶ್ವರಸಾಂಖ್ಯವೆಂದು ಕರೆಯುವ ವಾಡಿಕೆಯು ಇಂದಿಗೂ ಉಂಟಷ್ಟೆ.

ಹರಿಭದ್ರನು ಮತ್ತೂ ಒಂದು ವಿಶೇಷವನ್ನು ತಿಳಿಸುವನು. ಬೌದ್ಧ ಜೈನಗಳನ್ನೊಳಗೊಂಡ ಈ ಮತಗಳನ್ನೆಲ್ಲ ಅವನು ಆಸ್ತಿಕವಾದಗಳೆಂದೇ ಕರೆದು, ಲೋಕಾಯತವೊಂದನ್ನು ಬೇರೆ ಇಡುವನು. ನ್ಯಾಯ ವೈಶೇಷಿಕಗಳೆರಡೂ ಒಂದೇ ಎಂಬುವವರು ಲೋಕಾಯತವನ್ನು ಸೇರಿಸಿ ಆರನ್ನು ತುಂಬಿಕೊಳ್ಳಬಹುದೆಂದೂ ಹೇಳುವನು. ಸಂಖ್ಯೆಯು ಮೊದಲು, ಸದಸ್ಯರು ಆಮೇಲೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕೆ? ಪಾಣಿನಿಯ ಸೂತ್ರದ ಪ್ರಕಾರ 'ಉಂಟು' ಎಂಬ ಬುದ್ಧಿಯುಳ್ಳವನು ಆಸ್ತಿಕ, 'ಇಲ್ಲ' ಎಂಬ ಬುದ್ಧಿಯುಳ್ಳವನು ನಾಸ್ತಿಕ. ಉಂಟೆಂಬುದು ಪರಲೋಕವೋ, ಕರ್ಮಫಲವೋ, ವೇದಪ್ರಾಮಾಣ್ಯವೋ ಎಂಬುದು ಕಾಲಕಾಲಕ್ಕೆ ಬದಲಾಯಿತು. ವೇದನಿಂದಕನೇ ನಾಸ್ತಿಕನೆಂಬ ಮನುವಿನ ಲಕ್ಷಣವೇ ಕೊನೆಗೆ ಗೆದ್ದಿತು. ಗೆಲ್ಲುವವರೆಗೂ ಬೇರೆ ಲಕ್ಷಣವೂ ಬದುಕಿದ್ದಿತು.

ಹೊರಗಿನ ಎಣಿಕೆಯು ಹೀಗೆ ಬದಲಾಗುತ್ತಿದ್ದರೂ ಒಳಗಿನ ವಿಚಾರವು ಬಿಗಿಯಾಗಿಯೇ ಸಾಗಿತು. ಜ್ಞಾನಸಾಧನಗಳೆಷ್ಟು ಎಂಬುದೇ ಎಲ್ಲರ ನಡುವಣ ವಾದಭೂಮಿ. ಚಾರ್ವಾಕನಿಗೆ ಪ್ರತ್ಯಕ್ಷವೊಂದೇ ಪ್ರಮಾಣ; ಬೌದ್ಧನೂ ವೈಶೇಷಿಕನೂ ಅನುಮಾನವನ್ನು ಕೂಡಿಸಿದರು; ಸಾಂಖ್ಯನು ಆಪ್ತವಾಕ್ಯವನ್ನು, ನೈಯಾಯಿಕನು ಉಪಮಾನವನ್ನು, ಪ್ರಾಭಾಕರನು ಅರ್ಥಾಪತ್ತಿಯನ್ನು ಕೂಡಿಸಿದರು; ಭಾಟ್ಟನೂ ಅದ್ವೈತಿಯೂ ಅನುಪಲಬ್ಧಿಯನ್ನು ಸೇರಿಸಿ ಆರಕ್ಕೆ ತಂದು ನಿಲ್ಲಿಸಿದರು. ಇಲ್ಲಿ ವೇದವನ್ನು ಒಪ್ಪುವ ವೈಶೇಷಿಕನು ಬೌದ್ಧನ ಜೊತೆಯಲ್ಲಿ ನಿಂತಿರುವುದನ್ನು ನೋಡಿರಿ. ಶೈವರೂ ಈ ವಾದಗಳಿಗೆ ಹೊರಗಿನವರಲ್ಲ. ಸಾಂಖ್ಯರ 25 ತತ್ತ್ವಗಳ ಮೇಲೆ ಮಾಯೆ, ಅದರ ಐದು ಕಂಚುಕಗಳು, ಐದು ಶುದ್ಧತತ್ತ್ವಗಳು ಎಂಬ 11ನ್ನು ಇರಿಸಿ ಅವರು 36 ತತ್ತ್ವಗಳ ಸೋಪಾನವನ್ನು ಕಟ್ಟಿದರು. ನ್ಯಾಯಶಾಸ್ತ್ರವಾದರೋ ಬಹುಮಟ್ಟಿಗೆ ಅವರ ಮನೆಯ ವಿದ್ಯೆ. ನ್ಯಾಯವಾರ್ತಿಕಕಾರನಾದ ಉದ್ದ್ಯೋತಕರನನ್ನು ಅವನ ಗ್ರಂಥದ ಸಮಾಪ್ತಿವಾಕ್ಯವು ಪಾಶುಪತಾಚಾರ್ಯನೆನ್ನುತ್ತದೆ. ಅಕ್ಷಪಾದನ ಮತದಲ್ಲಿ ಶಿವನೇ ದೇವನೆಂದು ಹರಿಭದ್ರನೂ ಬರೆದಿರುವನು. ಕೋಡಿಯ ಮಠದ ಶಾಸನವು ನ್ಯಾಯ ವೈಶೇಷಿಕಗಳನ್ನು ಮೊದಲು ಹೆಸರಿಸಿರುವುದು ಈ ಹಿನ್ನೆಲೆಯಲ್ಲಿ ಸಹಜವಾಗಿಯೇ ತೋರುತ್ತದೆ.

ಇನ್ನು ವಿಜಯನಗರದ ಕಾಲಕ್ಕೆ ಬರೋಣ. ಹದಿನಾಲ್ಕನೆಯ ಶತಮಾನದ 'ಸರ್ವದರ್ಶನಸಂಗ್ರಹ'ವು ವಿದ್ಯಾರಣ್ಯರದೆಂದು ರೂಢಿ. ಸಾಯಣನ ಮಗನಾದ ಮಾಧವನದೆಂದು ಹೇಳುವ ವಿದ್ವಾಂಸರೂ ಉಂಟು. ಈ ಗ್ರಂಥವು ಆರರ ಕಟ್ಟನ್ನು ಬಿಚ್ಚಿ 16 ದರ್ಶನಗಳನ್ನು ವಿವರಿಸುತ್ತದೆ. ಚಾರ್ವಾಕದಿಂದ ಆರಂಭಿಸಿ, ಒಂದೊಂದನ್ನೂ ಮೇಲಿನದರಿಂದ ಖಂಡಿಸುತ್ತ, ಶಾಂಕರದರ್ಶನದಲ್ಲಿ ಮುಗಿಯುವ ಏಣಿಯಿದು. ಕೊನೆಯ ಮೆಟ್ಟಲು ಮೊದಲ ಮುದ್ರಣಗಳಲ್ಲಿ ಇರಲಿಲ್ಲ. 1882ರಲ್ಲಿ ಕೋವೆಲ್ ಮತ್ತು ಗಫ್ ಎಂಬುವರು ಮಾಡಿದ ಇಂಗ್ಲಿಷ್ ಭಾಷಾಂತರವು 15ಕ್ಕೇ ನಿಲ್ಲುತ್ತದೆ. 1924ರಲ್ಲಿ ಪುಣೆಯಲ್ಲಿ ವಾಸುದೇವಶಾಸ್ತ್ರೀ ಅಭ್ಯಂಕರರು ಸಂಪಾದಿಸಿದ ಆವೃತ್ತಿಯಲ್ಲಿ 16ನೆಯದೂ ಇದೆ. ಈ 16ರಲ್ಲಿ ನಾಲ್ಕು ಶೈವಪಕ್ಷದವು: ನಕುಲೀಶಪಾಶುಪತ, ಶೈವ, ಪ್ರತ್ಯಭಿಜ್ಞಾ, ರಸೇಶ್ವರ. ಶೈವರಿಗೆ ಅದ್ವೈತಿಯ ಗ್ರಂಥದಲ್ಲಿ ಇಷ್ಟು ಸ್ಥಳವು ದೊರೆತುದು ಸಣ್ಣ ಮಾತಲ್ಲ. ಕೌಂಡಿನ್ಯನ ಭಾಷ್ಯದೊಡನೆ ಪಾಶುಪತಸೂತ್ರಗಳು 1940ರಲ್ಲಿ ತಿರುವನಂತಪುರದಲ್ಲಿ ಅಚ್ಚಾಗುವ ತನಕ ಪಾಶುಪತವನ್ನು ತಿಳಿಯಲಿಚ್ಛಿಸಿದವರಿಗೆ ಈ ಗ್ರಂಥದ ಅಧ್ಯಾಯವೇ ಮುಖ್ಯ ಆಧಾರವಾಗಿದ್ದಿತು.

ಆದರೆ ಕಾಶ್ಮೀರದ ಪ್ರತ್ಯಭಿಜ್ಞೆಯನ್ನೂ ಪಾದರಸದ ಸಿದ್ಧರನ್ನೂ ಕಂಡ ಕಣ್ಣಿಗೆ, ಕನ್ನಡ ನಾಡಿನಲ್ಲಿಯೇ ಎರಡು ಶತಮಾನಗಳ ಹಿಂದೆ ಹುಟ್ಟಿದ ಶರಣರ ವಿಚಾರವು ಕಾಣಲಿಲ್ಲ. ವೀರಶೈವವು 16ರಲ್ಲಿ ಒಂದಾಗಿಲ್ಲ. ದ್ವೇಷವೆಂದು ಇದನ್ನು ಎಣಿಸಲು ನನಗೆ ಮನಸ್ಸಿಲ್ಲ. ಚಾರ್ವಾಕನಿಗೂ ಗೌರವದಿಂದ ಮಾತನಾಡಲು ಅವಕಾಶ ಕೊಟ್ಟ ಗ್ರಂಥಕಾರನಿಗೆ ದ್ವೇಷವನ್ನು ಆರೋಪಿಸುವುದು ನ್ಯಾಯವಲ್ಲ. ಆ ಎಣಿಕೆಯಲ್ಲಿ ದರ್ಶನವೆನ್ನಿಸಿಕೊಳ್ಳಬೇಕಾದರೆ ಸಂಸ್ಕೃತದ ಸೂತ್ರವೋ ಕಾರಿಕೆಯೋ, ಅದಕ್ಕೆ ವ್ಯಾಖ್ಯಾನವೋ ಇರಬೇಕಾಗಿದ್ದಿತು. ಶರಣರಾದರೋ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಮತ್ತೊಂದು ಆರನ್ನು ಕನ್ನಡದ ವಚನಗಳಲ್ಲಿ ಹೇಳಿದ್ದರು. ಅವು ಇನ್ನೂ ವ್ಯವಸ್ಥಿತವಾದ ಸಂಕಲನಗಳಾಗಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ, ಅದೇ ವಿಜಯನಗರದ ಪ್ರೌಢದೇವರಾಯನ (1424–1446) ಆಳಿಕೆಯಲ್ಲಿಯೂ ಅದರ ಅನಂತರವೂ, ವಚನಗಳು ಸಂಗ್ರಹವಾಗಿ, ಶೂನ್ಯಸಂಪಾದನೆಯು ಹುಟ್ಟಿ, ಅದರಲ್ಲಿ ಅಲ್ಲಮಪ್ರಭುವು ವಾದದ ನಡುವೆ ಕುಳಿತನು. ಆ ಪ್ರಭುವು ಬಳ್ಳಿಗಾವಿಯವನೆಂಬುದೇ ಹರಿಹರಕವಿಯ ರಗಳೆಯ ಕಾಲದಿಂದ ಬಂದಿರುವ ಸಂಪ್ರದಾಯ.

ಇಂದಿನ ಆಸ್ತಿಕ ಷಟ್ಕವು ಬಲಗೊಂಡುದು ಇದಾದ ಮೇಲೆ. ಹದಿನಾರನೆಯ ಶತಮಾನದ ಮಧುಸೂದನಸರಸ್ವತಿಗಳು 'ಪ್ರಸ್ಥಾನಭೇದ'ದಲ್ಲಿ ಆರನ್ನು ನಾಸ್ತಿಕರಿಗೇ ಕೊಟ್ಟು, ಬೌದ್ಧರ ನಾಲ್ಕು ಪಕ್ಷಗಳು, ಚಾರ್ವಾಕ, ದಿಗಂಬರ ಎಂದು ಎಣಿಸಿರುವರು. ಪಾಶುಪತವನ್ನು ವೈಷ್ಣವದೊಡನೆ ಧರ್ಮಶಾಸ್ತ್ರದ ಅಂಗಳಕ್ಕೆ ಸರಿಸಿರುವರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕೋಲ್‌ಬ್ರೂಕ್ ಸಾಹೇಬರು ಲಂಡನ್ನಿನಲ್ಲಿ ಓದಿದ ಪ್ರಬಂಧಗಳಲ್ಲಿ ಮಾಹೇಶ್ವರರಿಗೂ ಪಾಶುಪತರಿಗೂ ಸ್ಥಳವಿದ್ದಿತು. 1899ರಲ್ಲಿ ಮ್ಯಾಕ್ಸ್ ಮುಲ್ಲರ್ ಪಂಡಿತರು ತಮ್ಮ ಗ್ರಂಥಕ್ಕೆ ಆರು ದರ್ಶನಗಳೆಂಬುದನ್ನೇ ಹೆಸರಾಗಿಟ್ಟರು. ಶಾಲೆಯ ಪುಸ್ತಕಗಳು ಆ ದಾರಿಯನ್ನೇ ಹಿಡಿದುವು. ಶ್ರೀಪತಿಪಂಡಿತರ ಶ್ರೀಕರಭಾಷ್ಯವನ್ನು ಸಿ. ಹಯವದನರಾಯರು ಬೆಂಗಳೂರಿನಲ್ಲಿ ಸಂಪಾದಿಸಿ 1936ರಲ್ಲಿ ಪ್ರಕಟಿಸಿದಾಗ, ಬ್ರಹ್ಮಸೂತ್ರಗಳಿಗೆ ವೀರಶೈವ ಭಾಷ್ಯವೂ ಉಂಟೆಂಬುದು ಹೊರಗಿನ ವಿದ್ವಾಂಸರಿಗೆ ತಿಳಿದುಬಂದಿತು.