ಅಡ್ಡಗಾಳಿಯಲ್ಲಿ ಲಘು ವಿಮಾನಗಳ ಇಳಿಕೆ

ರನ್‌ವೇಗೆ ಓರೆಯಾಗಿ ಬೀಸುವ ಗಾಳಿಯನ್ನು ಅಡ್ಡಗಾಳಿ ಎನ್ನುತ್ತಾರೆ. ಅದು ಸಮವಾಗಿರದೆ ತಟ್ಟನೆ ಏರಿಳಿಯುತ್ತಿದ್ದರೆ ಲಘು ವಿಮಾನಗಳು ನೆಲ ಮುಟ್ಟುವ ಗಳಿಗೆಯಲ್ಲಿ ದಿಕ್ಕು ತಪ್ಪಿ ಅಪಘಾತಕ್ಕೀಡಾಗುವುದುಂಟು. ಅದರ ಪ್ರಭಾವ ವೇಗವನ್ನಷ್ಟೇ ಅಲ್ಲದೆ ಕೋನವನ್ನೂ ಅವಲಂಬಿಸಿರುವುದರಿಂದ, 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ವೇಗದ ಗಾಳಿ 30 ಡಿಗ್ರಿ ಓರೆಯಾಗಿದ್ದರೆ ಅದರ ಅಡ್ಡಪಾಲು 10 ನಾಟ್ ಮಾತ್ರ. ತರಬೇತಿಯಲ್ಲಿ ಬಹುವಾಗಿ ಬಳಕೆಯಾಗುವ ಸೆಸ್ನಾ 172 ವಿಮಾನವನ್ನು ತಯಾರಕರು ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ್ದು 15 ನಾಟ್ ಅಡ್ಡಗಾಳಿಯಲ್ಲಿ. ಇದನ್ನು ಕಟ್ಟುನಿಟ್ಟಿನ ಮಿತಿಯೆಂದು ತಿಳಿಯುವುದು ತಪ್ಪು, ಸುರಕ್ಷತೆಯ ಭರವಸೆಯೆಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು.

ಪೈಲಟ್ ಗಾಳಿ ಬರುವ ಬದಿಯ ರೆಕ್ಕೆಯನ್ನು ತಗ್ಗಿಸಿ, ಎದುರು ಬದಿಯ ರಡ್ಡರ್ ಪೆಡಲ್ ಒತ್ತಿ ಮೂತಿಯನ್ನು ರನ್‌ವೇಯ ನಡುಗೆರೆಗೆ ನೇರವಾಗಿಸಿ, ಗಾಳಿಬದಿಯ ಚಕ್ರವನ್ನು ಮೊದಲು ಊರಬೇಕು. ಚಕ್ರ ಊರಿತೆಂದು ಹಿಡಿತ ಸಡಿಲಿಸಿದರೆ ಗಾಳಿ ಬಾಲವನ್ನು ತಳ್ಳಿ, ಮೂತಿ ಗಾಳಿಯತ್ತ ತಿರುಗಿ, ವಿಮಾನ ನೆಲದಲ್ಲೇ ಗಿರಕಿ ಹೊಡೆಯಬಹುದು.

ನೆಲ ಮುಟ್ಟಿದ ಮೇಲೆ ದಾರಿ ತಪ್ಪುವುದು ದೊಡ್ಡ ವಿಮಾನಗಳಿಗೂ ಆಗುವುದುಂಟು. ಹುಬ್ಬಳ್ಳಿಯಲ್ಲಿ 2015ರ ಮಾರ್ಚ್ 8ರಂದು ಮಳೆಯ ನಡುವೆ ಇಳಿದ ಪ್ರಯಾಣಿಕ ವಿಮಾನವೊಂದು (ಲಘು ವರ್ಗದ್ದಲ್ಲದ ಕ್ಯೂ400) ರನ್‌ವೇ ಬಿಟ್ಟು ಪಕ್ಕಕ್ಕೆ ಸರಿಯಿತಾದರೂ ಜೀವಹಾನಿಯಾಗಲಿಲ್ಲ. ಅದೇ ಭಾಗದ ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರಿನ ಪಡುಗಾಳಿ, ಉತ್ತರ-ದಕ್ಷಿಣವಾಗಿ ಹಾಸಿದ ಯಾವುದೇ ರನ್‌ವೇಗೆ ಬಹುತೇಕ ಪೂರ್ಣ ಅಡ್ಡಗಾಳಿಯೇ ಆಗುತ್ತದೆ.