ಆಟಕ್ಕೂ ಆಳು ಬೇಕು: ಹೆಗ್ಗೋಡಿನ ಬಿಡುವಿನ ಚರಿತ್ರೆ

ಸಾಗರ ತಾಲ್ಲೂಕಿನ ಹೆಗ್ಗೋಡು ಒಂದೇ ನೋಟಕ್ಕೆ ಸಿಗುವ ಊರಲ್ಲ. ಸಾಗರ ಪೇಟೆಯಿಂದ ಹತ್ತು ಕಿಲೋಮೀಟರಿನೊಳಗೇ ಇದ್ದರೂ ಬಸ್ಸಿಳಿದವರಿಗೆ ಮೊದಲು ಕಾಣುವುದು ರಸ್ತೆಯಂಚಿನ ನಾಲ್ಕಾರು ಅಂಗಡಿ, ಅಷ್ಟೆ. ಉಳಿದ ಊರೆಲ್ಲ ಅಡಿಕೆ ತೋಟಗಳ ನೆತ್ತಿಯಲ್ಲಿ, ಬೆಟ್ಟದ ಬುಡಗಳಲ್ಲಿ, ಮಜರೆ ಮಜರೆಯಾಗಿ ಚದುರಿಕೊಂಡಿದೆ. ಬಯಲುಸೀಮೆಯ ಊರಿನಲ್ಲಿ ಸಂಜೆ ಅರಳಿಕಟ್ಟೆಯ ಮೇಲೆ ಒಬ್ಬ ಹೋಗಿ ಕೂತರೆ ಹತ್ತು ಜನ ತಾವಾಗಿ ಸೇರುತ್ತಾರೆ. ಮಲೆನಾಡಿನಲ್ಲಿ ಹತ್ತು ಜನ ಸೇರಬೇಕಾದರೆ ಯಾರಾದರೂ ಮನೆಮನೆಗೆ ಹೇಳಿಕಳಿಸಬೇಕು, ಜಾಗ ಗುಡಿಸಿ ದೀಪ ಹಚ್ಚಿರಬೇಕು, ಬಂದವರಿಗೆ ಕುಡಿಯಲು ಏನಾದರೂ ಕೊಡಬೇಕು, ಕತ್ತಲಲ್ಲಿ ಸಂಕ ದಾಟಿ ಮನೆಗೆ ಹೋಗುವವರ ಚಿಂತೆಯನ್ನೂ ಮಾಡಬೇಕು. ಇಲ್ಲಿ ಬಿಡುವನ್ನು ಕಳೆಯುವುದಕ್ಕೂ ಮೊದಲಿನಿಂದ ಯಾರದೋ ದುಡಿಮೆ ಬೇಕಿತ್ತು.

ಹೆಗ್ಗೋಡು ಎಂದ ಕೂಡಲೇ ನೀನಾಸಂ ನೆನಪಾಗುತ್ತದೆ. ನೀನಾಸಂ ಎಂದರೆ ನಾಟಕ, ಕೆ.ವಿ. ಸುಬ್ಬಣ್ಣ, ಮ್ಯಾಗ್ಸೆಸೆ ಪ್ರಶಸ್ತಿ. ಆ ಕಥೆ ಬಹಳ ಸಲ ಹೇಳಿಯಾಗಿದೆ. ಅದರೊಳಗೆ ಇನ್ನೊಂದು ಚರಿತ್ರೆ ಇದೆ. ಒಂದು ಸಣ್ಣ ಊರು ತನ್ನ ಹುಡುಗರ ಸಂಜೆಗಳನ್ನು ಹೇಗೆ ತುಂಬಿಕೊಂಡಿತು, ಅದಕ್ಕೆ ಬೇಕಾದ ಆಳುಕಾಳನ್ನು ಎಲ್ಲಿಂದ ತಂದಿತು, ಎಪ್ಪತ್ತೈದು ವರ್ಷ ದಾಟಿದರೂ ಅದು ನಿಂತುಹೋಗದಂತೆ ಹೇಗೆ ನೋಡಿಕೊಂಡಿತು ಎನ್ನುವ ಚರಿತ್ರೆ ಅದು.

ಇಲ್ಲಿನ ಬಿಡುವನ್ನು ನಿಗದಿ ಮಾಡುತ್ತಿದ್ದದ್ದು ಅಡಿಕೆ ತೋಟ. ಮಳೆ ಹಿಡಿಯುತ್ತಿದ್ದಂತೆ ಕೊಳೆರೋಗದ ಹೆದರಿಕೆ. ಹಿಂದೆ ಅಡಿಕೆಯ ಕೊನೆಗಳಿಗೆ ಮಳೆನೀರು ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು, ಆಮೇಲೆ ಬೋರ್ಡೋ ದ್ರಾವಣ ಹೊಡೆಯತೊಡಗಿದರು. ದೀಪಾವಳಿಯ ಆಸುಪಾಸಿನಿಂದ ಕೊನೆಕೊಯ್ಲು ಶುರು. ಕೊಯ್ದದ್ದನ್ನು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಸುಗ್ಗಿಯ ರಾತ್ರಿಗಳಲ್ಲಿ ಗಂಡಸರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ಕೈ ಅದರ ಪಾಡಿಗೆ ಸುಲಿಯುತ್ತಿತ್ತು; ಬಾಯಿಗೆ ಕಥೆ, ಒಗಟು, ಹಾಡು, ಊರ ಸುದ್ದಿ. ಮಳೆಗಾಲ ಹೊರಗೆ ಹೋಗಲು ಬಿಡದಿದ್ದಾಗ ಜಗಲಿಯ ಮೇಲೆ ತಾಳಮದ್ದಳೆ, ಬೇಸಿಗೆಯಲ್ಲಿ ಕೊಯ್ದ ಗದ್ದೆಯಲ್ಲಿ ಯಕ್ಷಗಾನದ ಆಟ. ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಜಾತ್ರೆಗೆ ಬಂದು ಬೀಡುಬಿಡುವ ನಾಟಕ ಕಂಪನಿಗಳು ಹುಡುಗರ ತಲೆಯಲ್ಲಿ ಬಣ್ಣದ ಹುಚ್ಚು ಹಚ್ಚಿ ಹೋಗುತ್ತಿದ್ದವು.

1949ರಲ್ಲಿ ಆ ಹುಚ್ಚಿಗೆ ಒಂದು ಹೆಸರು ಬಂತು. ಊರ ದೇವರು ನೀಲಕಂಠೇಶ್ವರ. ಅವನ ಹೆಸರಿನಲ್ಲೇ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಮೊದಲಕ್ಷರಗಳನ್ನು ಕೂಡಿಸಿದರೆ ನೀನಾಸಂ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ, 1932ರಲ್ಲಿ ಹುಟ್ಟಿದ ಸುಬ್ಬಣ್ಣನವರಿಗೆ ಆಗ ಹದಿನೇಳು. ಇವತ್ತಿನ ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಯುವಜನ ಕಾರ್ಯಕ್ರಮ. ಆದರೆ ಅದನ್ನು ಯುವಜನರಿಗಾಗಿ ಯಾರೋ ಮಾಡಿಕೊಟ್ಟದ್ದಲ್ಲ, ಹಿರಿಯರನ್ನು ಜೊತೆಗಿಟ್ಟುಕೊಂಡು ಹುಡುಗರೇ ಮಾಡಿಕೊಂಡದ್ದು. ಆರಂಭದ ಚಟುವಟಿಕೆಗಳಲ್ಲಿ ನಾಟಕದ ಜೊತೆಗೆ ‘ಅಶೋಕ’ ಎಂಬ ವಾರಪತ್ರಿಕೆಯೂ ಇತ್ತು. ರೇಡಿಯೋದಲ್ಲಿ ಕೇಳಿದ ಸುದ್ದಿ ಅದರ ಮೂಲಕ ಊರವರಿಗೆ ತಲುಪುತ್ತಿತ್ತು.

ಅಂಥ ಹವ್ಯಾಸಿ ಸಂಘಕ್ಕೆ ಸಂಬಳದ ಆಳು ಇರುವುದಿಲ್ಲ. ತೋಟದವರು, ಮೇಷ್ಟ್ರು, ಅಂಗಡಿಯವರು ಹಗಲಿನ ಕೆಲಸ ಮುಗಿಸಿ ಬಂದು ಮಾತು ಬಾಯಿಪಾಠ ಮಾಡಬೇಕು. ಪಾತ್ರ ಸಿಗದವನು ಪರದೆ ಎಳೆಯಬೇಕು, ಕಂಬ ನೆಡಬೇಕು, ಪೆಟ್ರೋಮ್ಯಾಕ್ಸ್‌ಗೆ ಗಾಳಿ ಹಾಕಬೇಕು. ನಾಡಿನ ನೂರಾರು ಊರುಗಳಲ್ಲಿ ಇಂಥ ಸಂಘಗಳು ಹುಟ್ಟಿದ್ದವು, ಅವುಗಳಲ್ಲಿ ಎಷ್ಟೋ ಸದ್ದಿಲ್ಲದೆ ಮುಚ್ಚಿಹೋದವು. ಮುಖ್ಯ ಪಾತ್ರ ಮಾಡುವವನಿಗೆ ವರ್ಗವಾಗುತ್ತದೆ, ಇನ್ನೊಬ್ಬನಿಗೆ ಮದುವೆಯಾಗುತ್ತದೆ, ಲೆಕ್ಕಪತ್ರದಲ್ಲಿ ಮನಸ್ತಾಪ ಬರುತ್ತದೆ. ಒಂದು ವರ್ಷ ನಾಟಕ ತಪ್ಪಿದರೆ ಮರುವರ್ಷ ಕೇಳುವವರಿರುವುದಿಲ್ಲ. ಹೆಗ್ಗೋಡಿನ ವಿಶೇಷವಿರುವುದು ಹುಟ್ಟಿನಲ್ಲಲ್ಲ, ಮುಂದುವರಿಕೆಯಲ್ಲಿ.

ಸುತ್ತಲ ಕಾಲವೂ ಸುಮ್ಮನಿರಲಿಲ್ಲ. 1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು, ಎಚ್. ಗಣಪತಿಯಪ್ಪನವರ ಸಂಘಟನೆ, ಸಮಾಜವಾದಿಗಳ ಬೆಂಬಲ, ರಾಮಮನೋಹರ ಲೋಹಿಯಾ ಅವರ ಬಂಧನ. ಒಡೆಯ ಮತ್ತು ಒಕ್ಕಲಿನ ನಡುವೆ ಕೂರುವ ನಿಲ್ಲುವ ಜಾಗವೇ ಬೇರೆಯಾಗಿದ್ದ ಸೀಮೆ ಇದು. ಇಂಥ ಕಡೆ ಎಲ್ಲರೂ ಒಂದೇ ಚಪ್ಪರದ ಕೆಳಗೆ ಕೂತು ಒಂದೇ ಆಟ ನೋಡುವುದು, ಒಂದೇ ಬಣ್ಣದ ಕೋಣೆಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದು ಬರೀ ಮನರಂಜನೆಯಾಗಿ ಉಳಿಯುವುದಿಲ್ಲ. ಮೈಸೂರಿನಲ್ಲಿ ಓದಿ ಊರಿಗೆ ಮರಳಿ ತೋಟ ನೋಡಿಕೊಂಡಿದ್ದ ಸುಬ್ಬಣ್ಣ ಲೋಹಿಯಾ ವಿಚಾರಗಳಿಗೆ ಹತ್ತಿರವಿದ್ದವರು. 1957ರಲ್ಲಿ ಅವರು ಅಕ್ಷರ ಪ್ರಕಾಶನ ಶುರುಮಾಡಿದರು. ಆಟದ ಜೊತೆಗೆ ಓದೂ ಊರಿನ ಕಸುಬಾಯಿತು.

1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಸಣ್ಣ ಊರಿಗೆ ದೊಡ್ಡ ಕಟ್ಟಡ ಬಂದರೆ ಅದು ವರವೂ ಹೌದು, ಹೊರೆಯೂ ಹೌದು. ಹೆಂಚು ಸೋರುತ್ತದೆ, ಕರೆಂಟು ಬಿಲ್ಲು ಬರುತ್ತದೆ, ಗೆದ್ದಲು ಹತ್ತುತ್ತದೆ. ಬೀಗದ ಕೈ ಯಾರ ಬಳಿ ಇರಬೇಕು ಎನ್ನುವುದೇ ಒಂದು ಪ್ರಶ್ನೆ. ನಾಡಿನ ತಾಲ್ಲೂಕು ಕೇಂದ್ರಗಳಲ್ಲಿ ರಂಗಮಂದಿರ, ಯುವಕ ಮಂಡಲದ ಕಟ್ಟಡ, ಕ್ರೀಡಾಂಗಣಗಳಿಗೆ ಕೊರತೆಯಿಲ್ಲ. ಉದ್ಘಾಟನೆಯ ಕಲ್ಲು ಗೋಡೆಯಲ್ಲಿರುತ್ತದೆ, ಕಸ ಗುಡಿಸುವವರು ಪಟ್ಟಿಯಲ್ಲಿರುವುದಿಲ್ಲ. ಹೆಗ್ಗೋಡಿನವರು ಕಟ್ಟಡ ಎದ್ದ ಮರುವರ್ಷವೇ ಅದಕ್ಕೆ ಇನ್ನೊಂದು ಕೆಲಸ ಹಚ್ಚಿದರು. 1973ರಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯಿತು.

‘ರಾಶೋಮನ್’, ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’ ಇಂಥ ಚಿತ್ರಗಳನ್ನು ಅಡಿಕೆ ಬೆಳೆಗಾರರೂ ಕೂಲಿಯವರೂ ಕೂತು ನೋಡಿದರೆಂಬುದು ಹೊರಗಿನವರಿಗೆ ಬೆರಗಿನ ಸಂಗತಿ. ಬೆರಗಿನ ಹಿಂದಿನ ಕೆಲಸವನ್ನು ನೋಡೋಣ. ರೀಲಿನ ಡಬ್ಬಗಳಿಗೆ ಮೊದಲೇ ಪತ್ರ ಬರೆಯಬೇಕು, ದೂರದಿಂದ ಬಂದ ಅವನ್ನು ಸಾಗರದಿಂದ ಹೊತ್ತು ತರಬೇಕು, ತುಂಡಾದ ಫಿಲ್ಮನ್ನು ಅಂಟಿಸಬಲ್ಲ ಕೈ ಬೇಕು, ಕರೆಂಟು ಹೋದರೆ ಸಭೆಯನ್ನು ಹಿಡಿದು ಕೂರಿಸಬೇಕು, ಮುಗಿದ ಮೇಲೆ ಡಬ್ಬ ಹೇಳಿದ ದಿನಕ್ಕೆ ವಾಪಸಾಗಬೇಕು. ಗೊತ್ತಿಲ್ಲದ ಭಾಷೆಯ ಚಿತ್ರಕ್ಕೆ ಕನ್ನಡದಲ್ಲಿ ಪರಿಚಯ ಮಾಡಿಕೊಡುವವರು ಬೇಕು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದೂರ್ ಇಲ್ಲಿಗೆ ಬಂದು ಚಿತ್ರ ನೋಡುವುದನ್ನು ಕಲಿಸುವ ಶಿಬಿರ ನಡೆಸಿದರು. ಸಿನಿಮಾ ನೋಡುವುದಕ್ಕೂ ತರಬೇತಿ ಬೇಕೆಂದು ಒಪ್ಪಿದ ಊರಿಗೆ ಪ್ರೇಕ್ಷಕರನ್ನು ತಯಾರುಮಾಡುವುದೂ ಸಿಬ್ಬಂದಿಯ ಕೆಲಸವೆಂದು ಅರ್ಥವಾಗಿತ್ತು.

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿಗೆ ಲೆಕ್ಕಾಚಾರ ಪೂರ್ತಿ ಬದಲಾಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತುಬಂದ ಚಿದಂಬರರಾವ್ ಜಂಬೆ ಬಹಳ ವರ್ಷ ಅದರ ಪ್ರಾಂಶುಪಾಲರಾಗಿದ್ದರು. ವರ್ಷಕ್ಕೆ ಹದಿನೈದಿಪ್ಪತ್ತು ಹುಡುಗ ಹುಡುಗಿಯರು, ನಾಡಿನ ಮೂಲೆಮೂಲೆಯಿಂದ ಬಂದವರು, ಸುಮಾರು ಹತ್ತು ತಿಂಗಳು ಊರಲ್ಲೇ ಇದ್ದು ಕಲಿಯಬೇಕು. ಅಭಿನಯದ ಜೊತೆಗೆ ರಂಗ ಕಟ್ಟುವುದು, ಬೆಳಕು, ಪ್ರಸಾಧನ, ಉಡುಪು, ಸಂಗೀತ ಎಲ್ಲವೂ ಪಾಠ. ಬಿ.ವಿ. ಕಾರಂತರಿಂದ ಹಿಡಿದು ಜರ್ಮನಿಯ ಫ್ರಿಟ್ಸ್ ಬೆನೆವಿಟ್ಸ್ ತನಕ ನಿರ್ದೇಶಕರು ಇಲ್ಲಿ ಬಂದು ಕೆಲಸಮಾಡಿದರು. ಈಗ ಮೇಷ್ಟ್ರಿಗೆ ಸಂಬಳ ಬೇಕು, ಅಡುಗೆಯವರು ಬೇಕು, ವಸತಿ ಬೇಕು, ಗ್ರಂಥಾಲಯ ಬೇಕು, ಸರ್ಕಾರದ ಅನುದಾನದ ಕಡತ ಓಡಿಸುವವರು ಬೇಕು. ಹವ್ಯಾಸಿಗಳ ಸಂಘ ಸಂಸ್ಥೆಯಾದ ಹೊತ್ತು ಅದು.

ಎಷ್ಟೋ ಸಂಘಗಳು ಈ ತಿರುವಿನಲ್ಲೇ ಕೆಡುತ್ತವೆ. ಸಂಬಳದವರು ಬಂದರೆ ಸ್ವಯಂಸೇವಕರು ಹಿಂದೆ ಸರಿಯುತ್ತಾರೆ. ಅವರು ಹಿಂದೆ ಸರಿದರೆ ಊರಿಗೆ ಸಂಸ್ಥೆ ಪರಕೀಯವಾಗುತ್ತದೆ. ಹೆಗ್ಗೋಡಿನಲ್ಲಿ ಹಾಗಾಗದಿರಲು ಒಂದು ಕಾರಣ, ಅಲ್ಲಿ ಮೂರು ಬಗೆಯ ತಂಡಗಳು ಬೇರೆಬೇರೆಯಾಗಿ ಉಳಿದದ್ದು. ಊರ ಹವ್ಯಾಸಿಗಳದ್ದು ಒಂದು ಬಳಗ. ಅವರು ತೋಟದ ಕೆಲಸ, ನೌಕರಿ ಮುಗಿಸಿ ಬಂದು ನಾಟಕ ಮಾಡುತ್ತಾರೆ, ಯಾರೂ ಸಂಬಳ ಕೇಳುವುದಿಲ್ಲ. ವಿದ್ಯಾರ್ಥಿಗಳದ್ದು ಎರಡನೆಯದು, ಅವರ ನಾಟಕಗಳಿಗೆ ಊರೇ ಮೊದಲ ಪ್ರೇಕ್ಷಕ, ಊರೇ ಮೊದಲ ಪರೀಕ್ಷಕ. ಮೂರನೆಯದು 1985ರಲ್ಲಿ ಹೊರಟ ‘ತಿರುಗಾಟ’, ಸಂಬಳದ ಕಲಾವಿದರ ಸಂಚಾರಿ ತಂಡ.

ತಿರುಗಾಟದ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಅದರ ಗೆಲುವು ಕಲೆಯಷ್ಟೇ ಲೆಕ್ಕದ್ದೂ ಹೌದು. ಕೇಂದ್ರದಲ್ಲಿ ಕಲಿತವರೇ ಹೆಚ್ಚಾಗಿರುವ ತಂಡ ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ತಾಲೀಮು ನಡೆಸುತ್ತದೆ. ನೀನಾಸಂ ಅಕ್ಟೋಬರಿನಲ್ಲಿ ನಡೆಸುವ ಸಂಸ್ಕೃತಿ ಶಿಬಿರದ ಹೊತ್ತಿಗೆ ಹೊಸ ನಾಟಕಗಳು ಸಿದ್ಧ. ಆಮೇಲೆ ರಂಗಸಜ್ಜಿಕೆ, ದೀಪ, ಉಡುಪು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ತಿಂಗಳುಗಟ್ಟಲೆ ನಾಡು ಸುತ್ತುವುದು. ರಾತ್ರಿ ರಾಜನಾದವನು ಬೆಳಿಗ್ಗೆ ಕಬ್ಬಿಣದ ಪೆಟ್ಟಿಗೆ ಹೊರುತ್ತಾನೆ. ಎದುರು ತುದಿಯಲ್ಲಿ ಆಯಾ ಊರಿನ ಸಂಘಟಕರು: ಯುವಕ ಸಂಘ, ಕಾಲೇಜು, ಹವ್ಯಾಸಿ ತಂಡ. ಗೊತ್ತಾದ ಮೊತ್ತ ಕೊಡುವುದು, ರಂಗ ಮತ್ತು ಕರೆಂಟು ಒದಗಿಸುವುದು, ಊಟ ವಸತಿ ನೋಡುವುದು, ಟಿಕೆಟು ಮಾರುವುದು ಅವರ ಪಾಲು. ಹೀಗೆ ಹೆಗ್ಗೋಡಿನ ಒಂದು ತಂಡ ನಡೆಯಬೇಕಾದರೆ ನಾಡಿನ ಹತ್ತಾರು ಸಣ್ಣ ಊರುಗಳಲ್ಲಿ ಟಿಕೆಟ್ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತುವ ಹುಡುಗರಿರಬೇಕು. ಅವರ ಹೆಸರು ಕರಪತ್ರದಲ್ಲಿ ಕಾಣದಿದ್ದರೂ ಅವರೇ ಈ ವ್ಯವಸ್ಥೆಯ ಇನ್ನೊಂದು ಕಾಲು.

ತಿರುಗಾಟಕ್ಕೆ ಮೊದಲೇ, 1983ರಿಂದ, ಫೋರ್ಡ್ ಫೌಂಡೇಶನ್ನಿನ ನೆರವಿನಲ್ಲಿ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ನಾಡಿನ ಹಳ್ಳಿಗಳಿಗೆ ಹೋಗಿ ಅಲ್ಲಿನವರಿಗೇ ನಾಟಕ ಕಲಿಸುವುದು, ಒಳ್ಳೆಯ ಚಿತ್ರ ತೋರಿಸುವುದು ಅದರ ಕೆಲಸ. ಆ ದಶಕದಲ್ಲೇ ಉತ್ತರ ಕನ್ನಡದ ಸಿದ್ದಿ ಸಮುದಾಯದವರೊಡನೆ ರಂಗಕೆಲಸ ನಡೆಯಿತು. ಮುಂದೆ ಸಿದ್ದಿ ಸಮುದಾಯದ ತರುಣ ತರುಣಿಯರು ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು ರಂಗಭೂಮಿಗೂ ಸಿನಿಮಾಗೂ ಹೋದರು. ಯೋಜನೆಯ ಹಣ ಒಂದು ದಿನ ಮುಗಿಯುತ್ತದೆ. ಮುಗಿದ ಮೇಲೆ ಉಳಿಯುವುದು ಕಲಿತ ಮನುಷ್ಯರು ಮಾತ್ರ. ಹೊರಗಿನ ದುಡ್ಡನ್ನು ಕಟ್ಟಡಕ್ಕಿಂತ ಮನುಷ್ಯರ ಮೇಲೆ ಹಾಕಿದ್ದು ಇಲ್ಲಿನ ಜಾಣತನ.

ಪಕ್ಕದ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರಿ ಸಂಘವನ್ನೂ ಇದೇ ಚರಿತ್ರೆಯಲ್ಲಿ ಸೇರಿಸಿ ನೋಡಬೇಕು. ಕೈಮಗ್ಗ, ನೈಸರ್ಗಿಕ ಬಣ್ಣ, ಹೊಲಿಗೆ ಅಲ್ಲಿನ ಕಸುಬು. ದುಡಿಯುವವರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಗಳ ಹೆಂಗಸರು. ಮೇಲುನೋಟಕ್ಕೆ ಇದಕ್ಕೂ ಮನರಂಜನೆಗೂ ಸಂಬಂಧವಿಲ್ಲ. ಆದರೆ ಊರಲ್ಲಿ ದುಡಿಮೆಯಿಲ್ಲದವರು ಊರ ಸಂಜೆಗೆ ಉಳಿಯುವುದಿಲ್ಲ, ಪೇಟೆಯ ಬಸ್ಸು ಹತ್ತುತ್ತಾರೆ. ಕೈಗೆ ಕಾಸು, ಸಂಜೆಗೆ ಹೊತ್ತು, ಮನೆ ಬಿಟ್ಟು ಹೋಗಲು ಒಂದು ನೆಪ, ಈ ಮೂರೂ ಇದ್ದರೆ ಮಾತ್ರ ಹೆಂಗಸರು ಪ್ರೇಕ್ಷಕರ ಸಾಲಿನಲ್ಲಿ ಕಾಣುತ್ತಾರೆ.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರ ಜುಲೈಯಲ್ಲಿ ಅವರು ತೀರಿಕೊಂಡರು. ಒಬ್ಬ ದೊಡ್ಡ ಮನುಷ್ಯನ ಸುತ್ತ ಬೆಳೆದ ಸಂಸ್ಥೆ ಅವರ ನಂತರ ಒಣಗುವುದು ನಮ್ಮಲ್ಲಿ ಸಾಮಾನ್ಯ. ಇಲ್ಲಿ ಆ ಹೊತ್ತಿಗೆ ಕೆಲಸ ಹಂಚಿಹೋಗಿತ್ತು. ಅವರ ಮಗ, ನಾಟಕಕಾರ ಕೆ.ವಿ. ಅಕ್ಷರ ಬಹಳ ಮೊದಲಿನಿಂದ ಒಳಗಿದ್ದವರು; ಕೇಂದ್ರಕ್ಕೆ ಪ್ರಾಂಶುಪಾಲರು, ತಿರುಗಾಟಕ್ಕೆ ಅದರದೇ ವ್ಯವಸ್ಥಾಪಕರು, ಸಂಸ್ಕೃತಿ ಶಿಬಿರಕ್ಕೆ ಬರುವ ನೂರಕ್ಕೂ ಹೆಚ್ಚು ಜನರ ಊಟ ವಸತಿಗೆ ಅದನ್ನು ಬಲ್ಲವರು ಇದ್ದರು. ಹಳೆಯ ವಿದ್ಯಾರ್ಥಿಗಳಲ್ಲಿ ಅಚ್ಯುತ್ ಕುಮಾರ್, ನೀನಾಸಂ ಸತೀಶ್ ಅವರಂತೆ ಸಿನಿಮಾದಲ್ಲಿ ಹೆಸರಾದವರನ್ನು ಎಲ್ಲರೂ ಬಲ್ಲರು. ಊರೂರಿನಲ್ಲಿ ಶಾಲಾ ಮಕ್ಕಳಿಗೆ ನಾಟಕ ಆಡಿಸುತ್ತ, ಬೇಸಿಗೆ ಶಿಬಿರ ನಡೆಸುತ್ತ, ಸಣ್ಣ ತಂಡ ಕಟ್ಟಿಕೊಂಡು ಇರುವವರನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕರ್ನಾಟಕದ ಸಣ್ಣ ಊರುಗಳ ಮಕ್ಕಳ ಚಟುವಟಿಕೆಗೆ ಕೇಂದ್ರ ಕೊಟ್ಟ ನಿಜವಾದ ಸಿಬ್ಬಂದಿ ಅವರು.

ಕಷ್ಟಗಳು ಮುಗಿದಿಲ್ಲ. ಮಲೆನಾಡಿನ ಮನೆಗಳಲ್ಲಿ ಈಗ ವಯಸ್ಸಾದವರು ಹೆಚ್ಚು, ಮಕ್ಕಳು ಬೆಂಗಳೂರಿನಲ್ಲಿ. ಕೊನೆ ಕೊಯ್ಯಲು ಆಳು ಸಿಗದ ಊರಿನಲ್ಲಿ ಪರದೆ ಎಳೆಯಲು ಆಳು ಸುಲಭಕ್ಕೆ ಸಿಗುವುದಿಲ್ಲ. ಸುಲಿಯುವ ಯಂತ್ರ ಬಂದ ಮೇಲೆ ಸುಗ್ಗಿಯ ರಾತ್ರಿಯ ಕೂಟಗಳೂ ಕರಗಿದವು. ಮೈಗೆ ಆರಾಮವಾಯಿತು, ಒಟ್ಟಿಗೆ ಕೂರುವ ಒಂದು ಕಾರಣ ಹೋಯಿತು. ಉಳಿದದ್ದಕ್ಕೆ ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ.

ಹೆಗ್ಗೋಡನ್ನು ನೋಡಿಬಂದ ಬೇರೆ ಊರಿನವರು ಸಾಮಾನ್ಯವಾಗಿ ‘ನಮ್ಮಲ್ಲೊಬ್ಬ ಸುಬ್ಬಣ್ಣ ಇಲ್ಲವಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ಯಾವ ಊರೂ ಮಾಡಬಹುದಾದ ಕೆಲಸ: ಊರಿನ ದುಡಿಮೆಯ ತಿಂಗಳುಗಳನ್ನು ನೋಡಿ ಕಾರ್ಯಕ್ರಮ ಇಡುವುದು, ಸಂಬಳದವರ ಕೆಲಸ ಯಾವುದು ಸ್ವಯಂಸೇವಕರ ಕೆಲಸ ಯಾವುದೆಂದು ಮೊದಲೇ ಬೇರೆ ಮಾಡಿಕೊಳ್ಳುವುದು, ಬಂದ ದುಡ್ಡಿನಲ್ಲಿ ಮೊದಲು ಮನುಷ್ಯರನ್ನು ತಯಾರುಮಾಡುವುದು, ಹದಿನೇಳರ ಹುಡುಗರ ಕೈಗೆ ಬೀಗದ ಕೈ ಕೊಡಲು ಹೆದರದಿರುವುದು. ಯುವಜನ ಕಾರ್ಯಕ್ರಮದ ಮುಂಗಡಪತ್ರ ಬರೆಯುವ ಪಂಚಾಯಿತಿಗಳು ಕಟ್ಟಡದ ಸಾಲಿಗಿಂತ ಮೊದಲು ಆಳಿನ ಸಾಲನ್ನು ಬರೆದುಕೊಂಡರೆ, ಆ ಅರ್ಧದಷ್ಟಾದರೂ ಅವರಿಗೆ ದಕ್ಕೀತು.