ಕದ್ದು ಓದಿದ ಕಾದಂಬರಿಗಳು

ನಮ್ಮ ಅಮ್ಮ ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ಅವಳು ಓದಿದ ಕಾದಂಬರಿಗಳನ್ನು ಎಣಿಸಲು ಕೂತರೆ ಬಿ.ಎ., ಬಿ.ಎಡ್. ಮಾಡಿದ ನಾನು ಅವಳ ಹತ್ತಿರಕ್ಕೂ ಬರಲಾರೆ. ತಿಪಟೂರಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಹೊತ್ತು ಅಮ್ಮನದು. ಪಾತ್ರೆ ತೊಳೆದು, ಒಲೆ ಸಾರಿಸಿ, ಅಜ್ಜಿ ಮಲಗಿದ್ದು ಖಾತ್ರಿಯಾದ ಮೇಲೆ ಅಕ್ಕಿ ಡಬ್ಬದ ಹಿಂದಿನಿಂದ ಪುಸ್ತಕ ಹೊರಬರುತ್ತಿತ್ತು. ಅಜ್ಜಿ ಕೆಮ್ಮಿದರೆ ಸಾಕು, ಪುಸ್ತಕ ಮತ್ತೆ ಡಬ್ಬದ ಹಿಂದೆ. ಅಮ್ಮನ ಕೈಯಲ್ಲಿ ಮೊರ.

ಪುಸ್ತಕ ತಂದುಕೊಡುವ ಕೆಲಸ ನನ್ನದು. ಬಸ್‌ಸ್ಟ್ಯಾಂಡಿನ ಬಳಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಲೈಬ್ರರಿ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಬೀಡಾ ಅಂಗಡಿಗಿಂತ ಸ್ವಲ್ಪ ಅಗಲವಾದ ಒಂದು ಗೂಡು. ಪುಸ್ತಕಗಳಿಗೆಲ್ಲ ಖಾಕಿ ಕಾಗದದ ಬೈಂಡು, ಬೆನ್ನ ಮೇಲೆ ಮಸಿಯಲ್ಲಿ ಬರೆದ ನಂಬರು. ದಿನಕ್ಕೆ ಇಪ್ಪತ್ತೈದು ಪೈಸೆ ಬಾಡಿಗೆ. “ಅಮ್ಮಂಗೆ ತ್ರಿವೇಣಿ ಬೇಕಂತೆ” ಎಂದರೆ ಅಂಗಡಿಯವರು ತ್ರಿವೇಣಿ ಕೊಡುತ್ತಿದ್ದರು. “ಅದು ಓದಿ ಆಯ್ತಂತೆ” ಎಂದರೆ ಎಂ.ಕೆ. ಇಂದಿರಾ. ಅದೂ ಆದರೆ ಸಾಯಿಸುತೆ. ನನ್ನ ಅಣ್ಣನಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇ ಆಗಬೇಕು. ಹೀಗೆ ಸಾಹಿತ್ಯದ ಪ್ರಕಾರಗಳೆಂದರೇನು ಎಂಬ ಮೊದಲ ಪಾಠ ನನಗೆ ಆಗಿದ್ದು ಕಾಲೇಜಿನಲ್ಲಲ್ಲ, ಆ ಗೂಡಂಗಡಿಯ ಮುಂದೆ.

ಮುಂದೆ ನಾನು ಬಿ.ಎ.ಗೆ ಸೇರಿದಾಗ ಅಲ್ಲಿಯ ಮೇಷ್ಟರೊಬ್ಬರು ಇವನ್ನೆಲ್ಲ ಒಟ್ಟಾಗಿ ‘ಅಡುಗೆಮನೆ ಸಾಹಿತ್ಯ’ ಎಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕ ಮೇಲೆ ಅಮ್ಮನ ಮುಖ ನೆನಪಾಗಿ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಆ ನಗುವಿಗೆ ಉತ್ತರ ಹುಡುಕುತ್ತಲೇ ನಾನು ನಮ್ಮ ಕಾದಂಬರಿಯ ಚರಿತ್ರೆಯನ್ನು ಓದತೊಡಗಿದ್ದು ಎನ್ನಬಹುದು.

ಆ ಚರಿತ್ರೆಯಲ್ಲಿ ನನಗೆ ಕಂಡ ಮೊದಲ ಸೋಜಿಗ ಇದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವು ಮಕ್ಕಳಿಗೆ ಹೇಳಿಕೊಡುವುದು 1899ರಲ್ಲಿ ಬಂದ ‘ಇಂದಿರಾಬಾಯಿ’ಯನ್ನು. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರು. ಅದರ ಕಥೆಯಾದರೂ ಏನು? ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹುಡುಗಿ ಮನೆ ಬಿಟ್ಟು ಹೊರಬಂದು, ವಿದ್ಯೆ ಕಲಿತು, ವಿದ್ಯಾವಂತನೊಬ್ಬನನ್ನು ಮದುವೆಯಾಗುವುದು. ಕಷ್ಟ, ಕಣ್ಣೀರು, ಕೊನೆಗೆ ಮದುವೆ. ಇಷ್ಟನ್ನೇ ಖಾಕಿ ಬೈಂಡಿನಲ್ಲಿ ಕೊಟ್ಟಿದ್ದರೆ ನಮ್ಮ ಮೇಷ್ಟರು ಅದನ್ನೂ ಅಡುಗೆಮನೆಗೆ ಕಳಿಸುತ್ತಿದ್ದರೇನೋ! ಅದಕ್ಕೂ ಮೊದಲು ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದು ಜನರಿಗೆ ಓದುವ ಹುಚ್ಚು ಹಿಡಿಸಿದ್ದರು. ಗಳಗನಾಥರಂತೂ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಹೊತ್ತು ಮಾರಿದ್ದು ಯಾರಿಗೆ? ವಿಮರ್ಶಕರಿಗಂತೂ ಅಲ್ಲ.

ಇನ್ನು ನಂಜನಗೂಡು ತಿರುಮಲಾಂಬಾ. ಬಾಲವಿಧವೆ. ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನೇ ಕಟ್ಟಿ, ‘ಸುಶೀಲೆ’ ಮೊದಲಾದ ಕಾದಂಬರಿಗಳನ್ನು ಬರೆದು ಪ್ರಕಟಿಸಿದರು. ಹೆಂಗಸರು ಅಕ್ಷರ ಕಲಿತರೆ ಕೆಟ್ಟು ಹೋಗುತ್ತಾರೆಂದು ನಂಬಿದ್ದ ಕಾಲದಲ್ಲಿ ಹೆಂಗಸರಿಗಾಗಿ ಹೆಂಗಸೊಬ್ಬಳು ನಡೆಸಿದ ಪ್ರಕಾಶನ ಅದು. ಆಮೇಲೆ ಅವರು ಮದರಾಸಿನಲ್ಲಿ ಎಲೆಮರೆಯಲ್ಲಿ ಬದುಕಿ 1982ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸಾಹಿತ್ಯಲೋಕ ಅವರನ್ನು ಮರೆತೇಬಿಟ್ಟಿತ್ತು. ನಾನಾಗ ತಿಪಟೂರಿನಲ್ಲಿ ಮಿಡ್ಲ್‌ಸ್ಕೂಲು ಓದುತ್ತಿದ್ದೆ. ಅಂಥವರೊಬ್ಬರು ಇದ್ದರೆಂದು ನಮಗೆ ಯಾರೂ ಹೇಳಲಿಲ್ಲ.

ಹಾಗೆಂದು ಅಮ್ಮ ಓದಿದ್ದೆಲ್ಲ ಚಿನ್ನವೆಂದು ನಾನು ವಾದಿಸುವುದಿಲ್ಲ. ಎಷ್ಟೋ ಪ್ರೇಮಕಾದಂಬರಿಗಳಲ್ಲಿ ನಾಯಕನಿಗೆ ಕಾರು, ಕಾಫಿತೋಟ, ಮೂಗಿನ ತುದಿಯಲ್ಲಿ ಕೋಪ. ನಾಯಕಿಗೆ ಬಡತನ ಮತ್ತು ತಾಳ್ಮೆ. ಅವನು ಇನ್ನೂರು ಪುಟ ಅವಮಾನ ಮಾಡುತ್ತಾನೆ, ಅವಳು ಇನ್ನೂರು ಪುಟ ಸಹಿಸುತ್ತಾಳೆ, ಕೊನೆಯ ಐದು ಪುಟದಲ್ಲಿ ಅವನಿಗೆ ಬುದ್ಧಿ ಬರುತ್ತದೆ. ಸಹಿಸಿದರೆ ಗಂಡ ಸರಿಹೋಗುತ್ತಾನೆಂಬ ಈ ಲೆಕ್ಕ ಬದುಕಿನಲ್ಲಿ ಎಷ್ಟು ಮನೆಗಳಲ್ಲಿ ತಪ್ಪಾಯಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದೇ ಕಪಾಟಿನಲ್ಲಿ ತ್ರಿವೇಣಿಯವರ ‘ಶರಪಂಜರ’ವೂ ಇತ್ತಲ್ಲ! ಬಾಣಂತನದ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು ಮತ್ತೆಮತ್ತೆ ಹುಚ್ಚಿಯೆಂದೇ ಕಾಣುತ್ತಾರೆ. ಅಲ್ಲಿ ತಾಳ್ಮೆ ಯಾವ ಗಂಡನನ್ನೂ ಸರಿಮಾಡುವುದಿಲ್ಲ. ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ಊರಿಗೆ ಊರೇ ಅತ್ತಿತು. ನಮ್ಮ ಬೀದಿಯಲ್ಲಿ ಬಾಣಂತಿ ಸನ್ನಿಯಾದವಳೊಬ್ಬಳಿದ್ದಳು. ಅವಳ ಮನೆಗೆ ಹೋಗಿ ಕೂತು ಮಾತಾಡಿಸಿಕೊಂಡು ಬರುತ್ತಿದ್ದ ಒಬ್ಬಳೇ ಹೆಂಗಸು ನಮ್ಮಮ್ಮ. ಅದನ್ನು ಅವಳು ಕಲಿತಿದ್ದು ಅಕ್ಕಿ ಡಬ್ಬದ ಹಿಂದಿನ ಪುಸ್ತಕದಿಂದ.

ಕಟ್ಟುಕಥೆ, ಮಾಯೆ-ಮಂತ್ರಗಳ ವಿಷಯಕ್ಕೆ ಬಂದರೆ ನಮ್ಮ ತಲೆಮಾರಿನ ಮಕ್ಕಳನ್ನು ಸಾಕಿದ್ದು ‘ಚಂದಮಾಮ’. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತಂತೆ. ಹೆಗಲ ಮೇಲೆ ಹೆಣ ಹೊತ್ತು ನಡೆಯುವ ವಿಕ್ರಮನ ಆ ಚಿತ್ರವನ್ನು ಶಂಕರ್ ಬರೆದದ್ದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈಗ ಆ ಪತ್ರಿಕೆಯೂ ಇಲ್ಲ. ಹೈಸ್ಕೂಲಿಗೆ ಬರುವ ಹೊತ್ತಿಗೆ ಬೇತಾಳ ಸಪ್ಪೆಯೆನಿಸಿ, ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕೈಗೆ ಬಂತು. ಮಾಟವೋ ವಿಜ್ಞಾನವೋ ಎಂಬ ಜಗ್ಗಾಟದಲ್ಲಿ ಓದುಗರನ್ನು ಉಸಿರು ಬಿಗಿಹಿಡಿದು ಕೂರಿಸುವ ಪುಸ್ತಕ. ಓದಿದ ಎಂಟು ದಿನ ನಾನು ರಾತ್ರಿ ಹಿತ್ತಿಲಿಗೆ ಒಬ್ಬಳೇ ಹೋಗಲಿಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಅದೇ: ಕಥೆಗಾರಿಕೆ ಭಾರಿ; ಆದರೆ ನಿಂಬೆಹಣ್ಣು ಕಂಡರೆ ಬೆದರುವ ಊರಿನಲ್ಲಿ ಅಂಥ ಕಥೆ ಹೇಳುವವರಿಗೆ ಇನ್ನಷ್ಟು ಹೊಣೆ ಇರಬೇಕಿತ್ತು.

ಆ ಭಯ ಬಿಡಿಸಿದ್ದು ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿಯಲ್ಲಿಯೂ ನಿಗೂಢವಿದೆ, ಹುಡುಕಾಟವಿದೆ, ಕಾಡಿದೆ. ಆದರೆ ಹುಡುಕುವುದು ದೆವ್ವವನ್ನಲ್ಲ, ಒಂದು ಹಾರುವ ಓತಿಯನ್ನು. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನೇ ವಿಜ್ಞಾನಿಗೆ ದಾರಿ ತೋರಿಸುವವನು. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಇದನ್ನು ವೈಜ್ಞಾನಿಕ ಕಾದಂಬರಿ ಎನ್ನಬೇಕೋ ಬೇಡವೋ ಎಂದು ತಿಳಿದವರು ಚರ್ಚೆ ಮಾಡಲಿ. ಪರೀಕ್ಷೆಯಲ್ಲಿ ಫೇಲಾದ ಹುಡುಗರನ್ನು ನೋಡುವ ನನ್ನ ಕಣ್ಣನ್ನು ಬದಲಾಯಿಸಿದ ಪುಸ್ತಕ ಅದು.

ಈಚಿನವರಲ್ಲಿ ನನ್ನ ವಿದ್ಯಾರ್ಥಿಗಳಿಗೆ ಕೆ.ಎನ್. ಗಣೇಶಯ್ಯನವರೆಂದರೆ ಪ್ರಾಣ. ಸ್ವತಃ ಕೃಷಿವಿಜ್ಞಾನಿ; ಇತಿಹಾಸ ಮತ್ತು ವಿಜ್ಞಾನವನ್ನು ಬೆರೆಸಿ ರೋಚಕ ಕಥೆ ಹೆಣೆಯುತ್ತಾರೆ. ‘ಕನಕ ಮುಸುಕು’ ಓದಿದ ಹುಡುಗನೊಬ್ಬ ಪರೀಕ್ಷೆಯಲ್ಲಿ ‘ಹೊಯ್ಸಳರು ಮುಸುಕಿನ ಜೋಳ ಬೆಳೆಯುತ್ತಿದ್ದರು’ ಎಂದು ಬರೆದುಬಿಟ್ಟ! ಕೆಂಪು ಶಾಯಿಯಲ್ಲಿ ಗೀಟು ಹಾಕಿ ಮುಂದೆ ಹೋಗಬಹುದಿತ್ತು. ಆದರೆ ಹುಡುಗ ಬರೆದದ್ದು ಪೂರಾ ಸುಳ್ಳೂ ಅಲ್ಲ, ನಿಜವೂ ಅಲ್ಲ. ಮುಸುಕಿನ ಜೋಳ ಅಮೆರಿಕಾ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ ಬೇರೆ ಖಂಡಗಳಿಗೆ ಹಬ್ಬಿದ್ದು ಎಂಬುದು ಪಠ್ಯದ ಮಾತು. ಹೊಯ್ಸಳರ ದೇವಾಲಯಗಳ ಶಿಲ್ಪಗಳ ಕೈಯಲ್ಲಿ ಇರುವುದು ಜೋಳದ ತೆನೆಯೇ ಎಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಅಲ್ಲ, ಅದು ಮುತ್ತು ಪೋಣಿಸಿದಂತೆ ಕಲ್ಪಿಸಿ ಕಡೆದ ‘ಮುಕ್ತಾಫಲ’ ಎಂದು ಬೇರೆಯವರು ಹೇಳುತ್ತಾರೆ. ಆ ವರ್ಷದ ಪ್ರವಾಸಕ್ಕೆ ನಾವು ಸೋಮನಾಥಪುರಕ್ಕೆ ಹೋದೆವು. ಮಕ್ಕಳು ಗೋಡೆಯ ಪ್ರತಿ ವಿಗ್ರಹದ ಕೈಯನ್ನೂ ನೋಡಿದರು. ಇಪ್ಪತ್ತು ವರ್ಷ ಪಾಠ ಮಾಡಿದರೂ ನಾನು ಅವರನ್ನು ಒಂದು ಶಿಲ್ಪದ ಮುಂದೆ ಅರ್ಧ ಗಂಟೆ ನಿಲ್ಲಿಸಿರಲಿಲ್ಲ. ಕಾದಂಬರಿ ನಿಲ್ಲಿಸಿತು. ನನ್ನ ತಕರಾರು ಒಂದೇ: ದಾಖಲೆ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಗುತ್ತದೆಂಬ ಗೆರೆ ಹದಿನಾಲ್ಕು ವರ್ಷದ ಓದುಗನಿಗೆ ಕಾಣುವುದಿಲ್ಲ. ಆ ಗೆರೆ ತೋರಿಸುವ ಕೆಲಸ ಲೇಖಕರದಲ್ಲದಿದ್ದರೆ ನಮ್ಮದು, ಮೇಷ್ಟರುಗಳದು.

ಇಷ್ಟೆಲ್ಲ ಹೇಳುವ ನಾನು ಒಂದು ಪಾಪ ಮಾಡಿದ್ದೇನೆ. ಅದನ್ನು ಹೇಳದೆ ಈ ಬರಹ ಮುಗಿಸಿದರೆ ಅದು ಪ್ರಾಮಾಣಿಕವಾಗುವುದಿಲ್ಲ.

1997. ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಹೊಸಬಳು. ಒಂಬತ್ತನೆಯ ಕ್ಲಾಸಿಗೆ ಸಮಾಜ ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನ ಹುಡುಗಿ ತಲೆ ಎತ್ತುತ್ತಲೇ ಇರಲಿಲ್ಲ. ಹತ್ತಿರ ಹೋಗಿ ನೋಡಿದರೆ ಪಠ್ಯಪುಸ್ತಕದ ನಡುವೆ ಒಂದು ಪ್ರೇಮಕಾದಂಬರಿ, ಖಾಕಿ ಬೈಂಡಿನದು. ನಾನು ಸುಮ್ಮನೆ ಕಿತ್ತಿಟ್ಟುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಿಸ್ತಿನ ಟೀಚರೆನ್ನಿಸಿಕೊಳ್ಳುವ ಹುಮ್ಮಸ್ಸು ನೋಡಿ, ಹೆಡ್‌ಮಾಸ್ತರರ ಮೇಜಿನ ಮೇಲೆ ತೆಗೆದುಕೊಂಡು ಹೋಗಿ ಇಟ್ಟೆ. ಅವರು ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದರು. ಅವಳ ಅಪ್ಪನನ್ನು ಕರೆಸಿದರು. “ಇವಳು ಓದಿದ್ದು ಸಾಕು ಬಿಡಿ ಸಾರ್” ಎಂದು ಆತ ಅಲ್ಲೇ ಹೇಳಿದ. ದಸರಾ ರಜೆ ಮುಗಿದ ಮೇಲೆ ಹುಡುಗಿ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮದುವೆಯಾಯಿತೆಂದು ಕೇಳಿದೆ.

ಪುಸ್ತಕ ನನ್ನ ಬಳಿಯೇ ಉಳಿಯಿತು. ಲೈಬ್ರರಿಯವನಿಗೆ ಅದರ ಬೆಲೆ ನಾನೇ ಕೊಟ್ಟೆ. ಇನ್ನೊಂದು ಮಾತು ಹೇಳಲು ನಾಚಿಕೆಯಾಗುತ್ತದೆ: ಅದನ್ನು ಕಿತ್ತುಕೊಂಡ ದಿನ ರಾತ್ರಿ, ಹೆಡ್‌ಮಾಸ್ತರರಿಗೆ ಕೊಡುವ ಮೊದಲು, ನಾನು ಒಂದೇ ಕೂತಿನಲ್ಲಿ ಅದನ್ನು ಓದಿ ಮುಗಿಸಿದ್ದೆ. ಅಕ್ಕಿ ಡಬ್ಬದ ಹಿಂದೆ ಪುಸ್ತಕ ಬಚ್ಚಿಟ್ಟು ಓದಿದವಳ ಮಗಳು, ಕೆಮ್ಮುವ ಅಜ್ಜಿಯಾಗಿಬಿಟ್ಟಿದ್ದೆ.

2018ರಲ್ಲಿ ನಾನು ಅದೇ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿದ್ದಾಗ, ಮಗಳ ಟಿ.ಸಿ. ತೆಗೆದುಕೊಂಡು ಹೋಗಲು ಒಬ್ಬ ಹೆಂಗಸು ಬಂದಳು. ಮಗಳನ್ನು ಪಿ.ಯು.ಸಿ. ಸೈನ್ಸಿಗೆ ಸೇರಿಸುತ್ತಿದ್ದಾಳೆ. ನನಗೆ ಗುರುತು ಹತ್ತಲಿಲ್ಲ, ಅವಳಿಗೆ ಹತ್ತಿತು. ನಾನು ಏನು ಹೇಳಬೇಕೆಂದು ತಡವರಿಸುತ್ತಿರುವಾಗ ಅವಳೇ ಕೇಳಿದಳು: “ಮೇಡಂ, ಅವತ್ತು ಆ ಕಾದಂಬರೀಲಿ ಕೊನೆಗೇನಾಯ್ತು?”

ಹೇಳಿದೆ. ಅವನಿಗೆ ಬುದ್ಧಿ ಬಂತು, ಅವಳು ಕ್ಷಮಿಸಿದಳು, ಮದುವೆಯಾಯಿತು.

“ಅಷ್ಟೇನಾ?” ಎಂದು ನಕ್ಕಳು. “ಅಷ್ಟಕ್ಕಾ ಮೇಡಂ?”

ಅವಳ ಮುಂದೆ ಕ್ಷಮೆ ಕೇಳಿದೆ. “ಅಯ್ಯೋ ಬಿಡಿ ಮೇಡಂ, ನಮ್ಮಪ್ಪ ಹೆಂಗಿದ್ರೂ ಬಿಡಿಸ್ತಿದ್ದ” ಎಂದಳು. ಅದು ನಿಜವೋ, ನನ್ನನ್ನು ಸಮಾಧಾನಪಡಿಸಲು ಆಡಿದ ಮಾತೋ ಗೊತ್ತಿಲ್ಲ.

ಆಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ನನ್ನ ಕ್ಲಾಸಿನಲ್ಲಿ ಒಂದು ಹಳೆಯ ಬೀರು ಇದೆ. ಅದಕ್ಕೆ ಬೀಗ ಹಾಕುವುದಿಲ್ಲ. ಅದರಲ್ಲಿ ‘ಕರ್ವಾಲೊ’ ಇದೆ, ‘ಶರಪಂಜರ’ ಇದೆ, ‘ಕನಕ ಮುಸುಕು’ ಇದೆ, ಖಾಕಿ ಬೈಂಡಿನ ಪ್ರೇಮಕಾದಂಬರಿಗಳೂ ಇವೆ. ಫೋನಿನಲ್ಲೇ ಧಾರಾವಾಹಿ ಪ್ರೇಮಕಥೆ ಓದುವ ಹುಡುಗಿಯರು “ಮಿಸ್, ಇದೂ ಲೆಕ್ಕಕ್ಕೆ ಬರುತ್ತಾ?” ಎನ್ನುತ್ತಾರೆ. ಬರುತ್ತದೆ ಎನ್ನುತ್ತೇನೆ. ಷರತ್ತು ಒಂದೇ: ಓದಿದ ಮೇಲೆ ಏನು ಇಷ್ಟವಾಯಿತು, ಏನು ಆಗಲಿಲ್ಲ ಎಂದು ನಾಲ್ಕು ಸಾಲು ಬರೆಯಬೇಕು. ಮೊನ್ನೆ ಒಬ್ಬಳು ಬರೆದಿದ್ದಳು: ‘ಹೀರೋ ಚೆನ್ನಾಗಿದ್ದಾನೆ, ಆದರೆ ಇಷ್ಟೊಂದು ಬೈಯುವವನನ್ನು ನಾನಾಗಿದ್ದರೆ ಮದುವೆಯಾಗುತ್ತಿರಲಿಲ್ಲ.’

ಆ ನೋಟ್‌ಬುಕ್ಕಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ಕಳೆದ ವರ್ಷ ರೊಕೆಯಾ ಬೇಗಂ ಅವರ ‘ಸುಲ್ತಾನಳ ಕನಸು’ ಕಥೆಯನ್ನು ನಾನೇ ಮಕ್ಕಳಿಗೆ ಕನ್ನಡದಲ್ಲಿ ಹೇಳಿದೆ. 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಬಂದದ್ದು. ಅಲ್ಲಿ ಗಂಡಸರು ಮನೆಯೊಳಗೆ. ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಮೋಡದಿಂದ ನೀರು ಇಳಿಸುತ್ತಾರೆ, ಆಕಾಶದಲ್ಲಿ ಹಾರುತ್ತಾರೆ. ಬರೆದಾಕೆ ಶಾಲೆಯ ಮೆಟ್ಟಿಲನ್ನೇ ಹತ್ತದವರು, ಮುಂದೆ 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಹುಡುಗಿಯರೊಂದಿಗೆ ಶಾಲೆ ತೆರೆದರು. ಕಥೆ ಕೇಳಿ ಹುಡುಗರು ಗಲಾಟೆ ಮಾಡಿದರು. ಹುಡುಗಿಯರು ಇನ್ನೊಂದು ಸಲ ಹೇಳಿ ಮಿಸ್ ಎಂದರು.

ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಅವಳಿಗೀಗ ಕಣ್ಣು ಮಂಜು, ಪುಸ್ತಕ ಹಿಡಿಯಲಾರಳು. ಪೂರ್ತಿ ಕೇಳಿ, “ಸೂರ್ಯನ ಶಾಖದಲ್ಲಿ ಅಡುಗೆನಾ? ಹಾಗಾದ್ರೆ ಒಲೆ ಸಾರಿಸೋ ಹೊತ್ತು ಉಳೀತಿತ್ತು ಕಣೇ. ಇನ್ನೊಂದು ಕಾದಂಬರಿ ಓದಬಹುದಿತ್ತು” ಎಂದಳು.